ನಾಲ್ಕನೇ ಜಾಕೆಟ್

ಮಾರ್ಚ್ 3, ಭಾನುವಾರ. ಸಂಜೆ 6

ಎರಡು ಪ್ಯಾಂಟ್ ಆಲ್ಟರ್, ಒಂದು ಜಿಪ್. ಭಾನುವಾರವೂ ಬಿಡುವಿಲ್ಲ. ನಾಲ್ಕು ಗಂಟೆಗೆ ಸರಿಯಾಗಿ ಗುಬ್ಬಿಯ ಪಟಾಲಂ ಮೆಟ್ಟಿಲು ಹತ್ತಿತು. ಗುಬ್ಬಿ ಎಂದರೆ ನನ್ನ ತಂಗಿ. ಮೂವತ್ತನಾಲ್ಕು ತುಂಬಿದೆ, ಕಣ್ಣಾಸ್ಪತ್ರೆಯ ಕೌಂಟರಿನಲ್ಲಿ ಕೂರುತ್ತಾಳೆ. ಜೊತೆಗೆ ಬಸ್ ಡ್ರೈವರ್, ಮತ್ತೆ ಆ ಕಾಂಪೌಂಡರ್. ಮೂವರೂ ಇದೇ ಬೀದಿಯಲ್ಲಿ ಬೆಳೆದವರು. ಮೂವರಿಗೂ ಆ ಸೂಪರ್‌ಹೀರೋ ಸಿನಿಮಾದ ಹುಚ್ಚು. ಕತ್ತೆ ವಯಸ್ಸಾದರೂ ಬಿಟ್ಟಿಲ್ಲ.

ಈಗ ಹೊಸ ಸುದ್ದಿ. ಕಂಪನಿಯವರು ಪ್ರೀಕ್ವೆಲ್ ಮಾಡುತ್ತಾರಂತೆ — ಆ ಟೀಮ್ ಚಿಕ್ಕವರಾಗಿದ್ದಾಗಿನ ಕಥೆ. ಅಭಿಮಾನಿಗಳು ಐಡಿಯಾ ಕಳಿಸಬೇಕು, ಜೊತೆಗೆ ಟೀಮಿನ ಡ್ರೆಸ್ ಹಾಕಿಕೊಂಡ ಫೋಟೋ. ಡ್ರೆಸ್ ಹೊಲಿಯುವುದು ಯಾರು? ಇದ್ದಾಳಲ್ಲ, ಬಿಟ್ಟಿ ಟೈಲರ್. ಬೂದು ಜಾಕೆಟ್, ಎಡತೋಳಿಗೆ ಹಳದಿ ಪಟ್ಟಿ.

ಸಿನಿಮಾ ನಾನೂ ನೋಡಿದ್ದೇನೆ, ಅರ್ಧ ನಿದ್ದೆಯಲ್ಲಿ. ಮೊದಲ ಸೀನಿನಲ್ಲೇ ಒಂದು ಮೇಜು, ನಾಲ್ಕು ಕುರ್ಚಿ, ಮೂರು ಜನ. ನಾಲ್ಕನೆಯದು ಕೊನೆಯ ತನಕ ಖಾಲಿ.

"ಪ್ರೀಕ್ವೆಲ್‌ನಲ್ಲಿ ಅದನ್ನೇ ಹೇಳ್ಬೇಕು, ಆ ನಾಲ್ಕನೆಯವ್ರು ಯಾರು ಅಂತ," ಎಂದ ಡ್ರೈವರ್.

"ಕುರ್ಚಿ ಕಾಲು ಮುರಿದಿರುತ್ತೆ. ಅದಕ್ಕೇ ಯಾರೂ ಕೂತಿಲ್ಲ," ಎಂದೆ. ಒಬ್ಬರೂ ನಗಲಿಲ್ಲ. ಮಹಾ ಗಂಭೀರ ಸಭೆ. ಅವರದೊಂದು ಕಾನೂನು ಬೇರೆ: ಒಬ್ಬರು ಐಡಿಯಾ ಹೇಳಬೇಕು, ಉಳಿದವರೆಲ್ಲ ತಲೆಯಾಡಿಸಿದರೆ ಮಾತ್ರ ಬರೆಯಬೇಕು. ಒಬ್ಬರು ಬೇಡವೆಂದರೂ ಇಲ್ಲ.

ಮಾರ್ಚ್ 7, ಗುರುವಾರ

ಗುಬ್ಬಿಯ ಜಾಕೆಟ್ ಕತ್ತರಿಸಿ ಹೊಲಿದೂ ಮುಗಿಸಿದ ಮೇಲೆ ನೋಡುತ್ತೇನೆ — ತಪ್ಪು. ಕನ್ನಡಕ ಇಸ್ತ್ರಿ ಮೇಜಿನ ಮೇಲಿತ್ತು. ಅಳತೆ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ, ವರ್ಷಕ್ಕೊಂದು ಸಾಲು. ಅಮ್ಮ ಶುರು ಮಾಡಿದ ಪುಸ್ತಕ. ಅಮ್ಮ ಹೋದ ಮೇಲೆ ನನ್ನ ಅಕ್ಷರ. ಗುಬ್ಬಿಯ ಪುಟದಲ್ಲಿ ಕಣ್ಣು ಮೇಲಿನ ಸಾಲಿಗೆ ಹೋಗಿದೆ. ಅವಳ ಹತ್ತೊಂಬತ್ತನೇ ವಯಸ್ಸಿನ ಅಳತೆ. ಎದೆ ಮೂವತ್ತಾರರ ಬದಲು ಮೂವತ್ತೊಂದು.

ಇಪ್ಪತ್ತೆಂಟು ವರ್ಷದಲ್ಲಿ ಮೊದಲನೇ ಸಲ. ಭಾನುವಾರ ಬೈಸಿಕೊಳ್ಳಬೇಕು.

ಮಾರ್ಚ್ 10, ಭಾನುವಾರ

ಸರಿಯಾಯಿತು. ಗುಬ್ಬಿ ಎಳೆದು ಹಾಕಿಕೊಂಡದ್ದಲ್ಲ... ಹೇಳಿ ಹೊಲಿಸಿದಂತೆ ಕೂತಿತು. ಟೇಪ್ ಹಿಡಿದೆ. ಮೂವತ್ತೊಂದು.

"ಡಯಟ್ ಅಕ್ಕಾ!" ಎಂದು ಕನ್ನಡಿಯ ಮುಂದೆ ಒಂದು ಸುತ್ತು ಸುತ್ತಿದಳು. ಕುತ್ತಿಗೆಯ ಮೇಲಿದ್ದ ಸುಟ್ಟ ಕಲೆ ಇಲ್ಲ. ಅದು ಆದದ್ದು ಅವಳ ಇಪ್ಪತ್ತೆರಡನೇ ವಯಸ್ಸಿನಲ್ಲಿ, ನನ್ನದೇ ಇಸ್ತ್ರಿಯಿಂದ.

"ನಮ್ದೂ ಹಳೇ ಅಳತೆಲೇ ಹೊಲೀರಿ ಅಕ್ಕಾ, ಕಾಲೇಜ್ ಟೈಮಿನ್ದು," ಎಂದ ಕಾಂಪೌಂಡರ್. ತಮಾಷೆಗೆ ಹೊಲಿದುಕೊಡುತ್ತೇನೆ. ಡ್ರೈವರನ ಹೊಟ್ಟೆ ಅದರಲ್ಲಿ ಹಿಡಿಸಲಿ ನೋಡೋಣ.

ಮಾರ್ಚ್ 17, ಭಾನುವಾರ

ಹಿಡಿಸಿತು. ಹೊಟ್ಟೆಯೇ ಇಲ್ಲ. ಇಬ್ಬರೂ ಹತ್ತೊಂಬತ್ತು–ಇಪ್ಪತ್ತರ ಹುಡುಗರು. ಅವರಿಗೋ ಖುಷಿ, ಫೋಟೋ ಮೇಲೆ ಫೋಟೋ. ನನಗೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ.

ಗುಬ್ಬಿ ಹೇಳಿದಳು, "ಕಾಲೇಜಿಂದ ಶುರು ಮಾಡೋದು ಬೇಡ. ಅದಕ್ಕೂ ಮುಂಚೆ. ಸ್ಕೂಲು." ಇಬ್ಬರೂ ತಲೆಯಾಡಿಸಿದರು. ಬರೆದುಕೊಂಡಳು.

ಟೀ ಲೋಟ ಕೆಳಗಿಡುವಷ್ಟರಲ್ಲಿ ಮೂವರ ಜಾಕೆಟ್ ತೋಳೂ ಬೆರಳು ಮುಚ್ಚಿತ್ತು. ಈ ಸಲ ನಾನು ಕತ್ತರಿ ಮುಟ್ಟಿರಲಿಲ್ಲ.

ಮಾರ್ಚ್ 20, ಬುಧವಾರ. ಬೆಳಿಗ್ಗೆ 11

ಜಾಕೆಟ್ ಬಿಚ್ಚಿಸಿದೆ. ಪ್ರಯೋಜನವಿಲ್ಲ. ದೊಡ್ಡವರ ಅಳತೆಗೆ ಇನ್ನೊಂದು ಹೊಲಿದು ಹಾಕಿಸಿದೆ. ಹ್ಯಾಂಗರಿಗೆ ಹಾಕಿದಂತೆ ನೇತಾಡಿತು, ಅಷ್ಟೆ.

"ಪ್ರೀಕ್ವೆಲ್ ಅಂದ್ರೆ ಹಿಂದಕ್ಕೆ ಅಕ್ಕಾ," ಎಂದಳು ಗುಬ್ಬಿ, ಪೆದ್ದಿಗೆ ಹೇಳುವಂತೆ. "ಕಥೆ ಪೂರ್ತಿ ಆಗಿ ಮೊದಲ್ನೇ ಸಿನಿಮಾಕ್ಕೆ ಬಂದು ಸೇರ್ಬೇಕು. ಆಗ ದೊಡ್ಡವ್ರಾಗ್ತಾರೆ."

ಕಣ್ಣಾಸ್ಪತ್ರೆಗೆ ಫೋನ್ ಮಾಡಿ ತಂಗಿಗೆ ಜ್ವರ, ರಜೆ ಬೇಕು ಎಂದೆ. ಆ ಕೌಂಟರಿನಲ್ಲಿ ಆರು ವರ್ಷದಿಂದ ತಾನೇ ಇದ್ದೇನೆ ಎಂದರು ಯಾರೋ. ನನ್ನ ತಂಗಿಯ ಗುರುತೇ ಇಲ್ಲವಂತೆ.

ಮಾರ್ಚ್ 25, ಸೋಮವಾರ

ಡ್ರೈವರನ ಹೆಂಡತಿ ಪ್ಯಾಂಟ್ ಕೊಡಲು ಬಂದಳು. ಕಿಟಕಿಯ ಹತ್ತಿರ ಡ್ರೈವರ್ ಬಟನ್ ಡಬ್ಬಿ ಇಟ್ಟುಕೊಂಡು ಕೂತಿದ್ದ — ಹದಿನಾಲ್ಕರ ಪೋರ. "ಯಾರ ಮಗು ಅಕ್ಕಾ?" ಎಂದಳು.

ಯಜಮಾನರು ಹೇಗಿದ್ದಾರೆ ಎಂದು ಕೇಳಿದೆ. ಕೇಳಬಾರದಿತ್ತು. ನಕ್ಕಳು. "ನನಗೆಲ್ಲಿ ಮದುವೆ ಆಗಿದೆ? ನೀವೊಬ್ರು, ತಮಾಷೆ ಮಾಡ್ತೀರ."

ಅವಳು ಹೋದ ಮೇಲೆ ಪುಸ್ತಕ ತೆಗೆದೆ. ಹೋದ ವರ್ಷ ಅವರ ಐದು ವರ್ಷದ ಮಗಳಿಗೆ ಫ್ರಾಕ್ ಹೊಲಿದಿದ್ದೆ. ಗುಲಾಬಿ, ಹಿಂದೆ ಬೋ. ಆ ಪುಟ ಇದೆ. ಅದರಲ್ಲಿ ಏನೂ ಇಲ್ಲ. ಪೆನ್ನು ಒತ್ತಿದ ಗುರುತು ಕೂಡ ಇಲ್ಲ.

ಪುಸ್ತಕ ಮುಚ್ಚಿ, ಪೋರನಿಗೆ ಊಟ ಬಡಿಸಿದೆ.

ಏಪ್ರಿಲ್ 5, ಶುಕ್ರವಾರ

ಹನ್ನೊಂದು ದಿನ ಬರೆಯಲಿಲ್ಲ. ಮೂರು ಮಕ್ಕಳ ಊಟ, ಸ್ನಾನ, ಜಗಳ. ಹೌದು, ಮಕ್ಕಳು. ಮೊನ್ನೆ ಭಾನುವಾರ ನಾನು ಬೇಡ, ಬೇಡ ಎಂದು ಕಿರುಚಿದೆ. ನಾನು ಟೀಮಿನವಳಲ್ಲವಂತೆ, ನನ್ನದು ಲೆಕ್ಕಕ್ಕಿಲ್ಲ. "ಅದಕ್ಕೂ ಮುಂಚೆ" ಎಂದ ಕಾಂಪೌಂಡರ್. ತಲೆಯಾಡಿಸಿದರು. ಆರು ವರ್ಷ. ಅವರವರ ಮನೆಗೆ ಕರೆದುಕೊಂಡು ಹೋದೆ. ಬಾಗಿಲು ತೆಗೆದವರು ಗುರುತು ಹಿಡಿಯಲಿಲ್ಲ. ವಾಪಸ್ ಕರೆತಂದೆ.

ಗುಬ್ಬಿಯ ಮುಂದಿನ ಹಲ್ಲು ಎರಡೂ ಇಲ್ಲ. ಇವತ್ತು ಕೇಳಿದಳು, "ಅಮ್ಮ ಎಲ್ಲಿ?"

ಅಮ್ಮ ಹೋದಾಗ ಅವಳಿಗೆ ಆರು, ನನಗೆ ಹದಿನೈದು. ಆಗಲೂ ಹೀಗೆಯೇ ಕೇಳಿದ್ದಳು, ಇದೇ ಮೆಷಿನ್ನಿನ ಪಕ್ಕ ನಿಂತು. ಆಗ ಹೇಳಿದ್ದ ಸುಳ್ಳೇ ಬಾಯಿಗೆ ಬಂತು: "ದಾರ ತರೋಕೆ ಹೋಗಿದ್ದಾಳೆ. ಬರ್ತಾಳೆ."

ನನ್ನ ಸೆರಗು ಎಳೆದಳು. "ಹಾಗಾದ್ರೆ ಭಾನುವಾರ ಅದಕ್ಕೂ ಮುಂಚೆ ಹೋಗೋಣ ಅಕ್ಕಾ. ಅಮ್ಮ ಅಂಗಡಿಗೆ ಹೋಗೋಕೆ ಮುಂಚೆ."

ಸುಳ್ಳು ಬರೆಯುವುದಿಲ್ಲ. ಒಂದು ಗಳಿಗೆ ಆಸೆಯಾಯಿತು. ಅಮ್ಮನ ಕೆಮ್ಮು ಕೇಳಿಸಿದಂತಾಗಿ ಬಾಗಿಲ ಕಡೆ ನೋಡಿಯೂ ಬಿಟ್ಟೆ. ಆಮೇಲೆ ಪುಸ್ತಕ ತೆಗೆದೆ. ಗುಬ್ಬಿಯ ಪುಟದಲ್ಲಿ ಮೊದಲ ಸಾಲು ಎರಡು ವರ್ಷದ್ದು. ಅದರ ಮೇಲೆ ಬರೀ ಕಾಗದ. ಇವರು ಒಂದು ಸಲ ಹಿಂದೆ ಹೋಗಿ ನಿಲ್ಲುವವರಲ್ಲ.

ಏಪ್ರಿಲ್ 6, ಶನಿವಾರ

ಬೆಳಿಗ್ಗೆಯಿಂದ ಮೆಷಿನ್ ಬಿಟ್ಟು ಎದ್ದಿಲ್ಲ. ನಾಲ್ಕು ಜಾಕೆಟ್.

ಮೂರು ಚಿಕ್ಕವು. ಮಕ್ಕಳ ಬಟ್ಟೆಗೆ ಒಳಗೆ ಎರಡು ಬೆರಳು ಬಟ್ಟೆ ಬಿಡಬೇಕು, ಬೆಳೆದ ಹಾಗೆ ಬಿಚ್ಚಿ ದೊಡ್ಡದು ಮಾಡಬಹುದು ಎಂದು ಅಮ್ಮ ಹೇಳಿಕೊಟ್ಟಿದ್ದು. ನಾನು ಎರಡು ಬೆರಳಲ್ಲ, ಹಿಡಿಸುವಷ್ಟೂ ಬಿಟ್ಟೆ. ಮಡಿಕೆಯ ಮೇಲೆ ಮಡಿಕೆ. ಜಾಕೆಟ್ ದಿಂಬಿನಂತಾಗಿದೆ.

ನಾಲ್ಕನೆಯದು ನನ್ನ ಪುಟದಿಂದ. ಹದಿನೈದನೇ ವಯಸ್ಸು. ಅಮ್ಮ ಬರೆದ ಕೊನೆಯ ಸಾಲು. ಅದಕ್ಕೆ ಒಳಗೆ ಬಟ್ಟೆ ಬಿಟ್ಟಿಲ್ಲ.

ಏಪ್ರಿಲ್ 7, ಭಾನುವಾರ. ಸಂಜೆ 5

ಮೂರು ಮಕ್ಕಳಿಗೆ ಹಾಕಿಸಿ, ನಾಲ್ಕನೆಯದು ನಾನು ಹಾಕಿಕೊಂಡೆ. ಸರಿಯಾಯಿತು. ಕನ್ನಡಿಯಲ್ಲಿ ಎರಡು ಜಡೆಯ ಹುಡುಗಿ. ಮಂಡಿ ನೋವಿಲ್ಲ, ಕನ್ನಡಕ ಬೇಡ. ನಾಚಿಕೆ ಬಿಟ್ಟು ಬರೆಯುತ್ತೇನೆ, ಒಂದು ನಿಮಿಷ ಕುಣಿದೆ.

ಆಮೇಲೆ ನಾಲ್ಕನೇ ಕುರ್ಚಿ ಎಳೆದು ಕೂತೆ. "ನಾನೂ ಟೀಮಿನವಳು ಈಗ. ನಂದೊಂದು ಐಡಿಯಾ. ಒಬ್ಳು ಅಕ್ಕ ಇದ್ಳು. ಬಟ್ಟೆ ಹೊಲೀತಿದ್ಳು. ಮೂರು ಮಕ್ಕಳು ಸ್ಕೂಲ್ ಮುಗಿಸ್ಕೊಂಡು ಬಂದು ಅವಳ ಮೆಷಿನ್ ಹತ್ರಾನೇ ಆಡ್ಕೊಂಡಿರ್ತಿದ್ರು. ಬೆಳೆದಂಗೆಲ್ಲ ಬಟ್ಟೆ ಬಿಚ್ಚಿ ದೊಡ್ಡದು ಮಾಡಿಕೊಡ್ತಿದ್ಳು. ಅವ್ರು ಬೆಳೆದ್ರು. ದೊಡ್ಡವ್ರಾದ್ರು."

ಕಟ್ಟುಕಥೆಯೇನಲ್ಲ. ನಡೆದದ್ದೇ. ಡ್ರೈವರ್ ತಲೆಯಾಡಿಸಿದ. ಕಾಂಪೌಂಡರ್ ಮೂಗೊರೆಸಿಕೊಂಡು ತಲೆಯಾಡಿಸಿದ.

"ಆಮೇಲೆ ಆ ಅಕ್ಕ?" ಎಂದಳು ಗುಬ್ಬಿ.

"ಆಮೇಲೆ ಮೊದಲ್ನೇ ಸಿನಿಮಾ ಶುರು."

"ಅದ್ರಲ್ಲಿ ಒಂದು ಕುರ್ಚಿ ಖಾಲಿ ಇದೆ."

ನಾನು ಅವಳ ಕಾಲರ್ ಸರಿಪಡಿಸಿದೆ.

"ಹಾಗಾದ್ರೆ ನಂಗೆ ಬೇಡ," ಎಂದು ತಲೆ ಗಟ್ಟಿಯಾಗಿ ಹಿಡಿದುಕೊಂಡಳು, ಎಲ್ಲಿ ತಾನಾಗೇ ಅಲ್ಲಾಡಿಬಿಡುತ್ತದೋ ಎಂದು ಎರಡೂ ಕೈಯಲ್ಲಿ. ನನ್ನ ಬಂಗಾರ. ಎಷ್ಟು ಹೇಳಿದರೂ ಬಿಡಲಿಲ್ಲ.

ಕೊನೆಗೆ ಹೇಳಿದೆ. "ಖಾಲಿ ಅಲ್ಲ ಕಣೇ. ಅಕ್ಕ ಬಟನ್ ತರೋಕೆ ಒಳಗೆ ಹೋಗಿರ್ತಾಳೆ. ಬರ್ತಾಳೆ."

ಕೈ ತೆಗೆದಳು. ತಲೆಯಾಡಿಸಿದಳು.

ಏಪ್ರಿಲ್ 9, ಮಂಗಳವಾರ

ಮೂರು ಮಡಿಕೆ ಬಿಚ್ಚಿದೆ. ಗುಬ್ಬಿಗೆ ಹಲ್ಲು ಬಂದಿದೆ. ಸಂಜೆಗೆ ಇನ್ನೆರಡು ಮಡಿಕೆ.

ಏಪ್ರಿಲ್ 11, ಗುರುವಾರ

ಡ್ರೈವರನಿಗೆ ಮೀಸೆ. ಬಿಚ್ಚಿ ಬಿಚ್ಚಿ ಬೆರಳು ತೂತಾಗಿದೆ. ಗಿರಾಕಿಯೊಬ್ಬರು ಬಂದು, "ಅಂಗಡಿಲಿ ಯಾರೂ ಇಲ್ವಾ?" ಎಂದು ಕೂಗಿ ಹೊರಟುಹೋದರು. ನಾನು ಅವರೆದುರಿಗೇ ನಿಂತಿದ್ದೆ, ಕೈಯಲ್ಲಿ ಕತ್ತರಿ ಹಿಡಿದು.

ನನ್ನ ಪುಟ ನೋಡಿದೆ. ಕೆಳಗಿನಿಂದ ಬಿಳಿಯಾಗುತ್ತಾ ಬರುತ್ತಿದೆ.

ಏಪ್ರಿಲ್ 13, ಶನಿವಾರ

ಕೊನೆಯ ಮಡಿಕೆ ಬಿಚ್ಚಿದೆ. ಎರಡೇ ಬೆರಳು ಹಾಗೇ ಬಿಟ್ಟೆ, ಅಭ್ಯಾಸ. ಮೂವರೂ ಅವರವರ ಮನೆಗೆ ಹೋದರು. ಹೋಗುತ್ತೇವೆಂದು ಯಾರಿಗೂ ಹೇಳಲಿಲ್ಲ, ಹೇಳಲು ಇಲ್ಲಿ ಯಾರಿದ್ದಾರೆ.

ಡ್ರೈವರನ ಮಗಳ ಪುಟದಲ್ಲಿ ಅಳತೆ ವಾಪಸ್ ಬಂದಿದೆ. ಕುಣಿಯುವಷ್ಟು ಸಂತೋಷ. ಅಳುವೂ ಬಂತು. ಎರಡನ್ನೂ ಸದ್ದಿಲ್ಲದೆ ಮಾಡಿದೆ.

ಏಪ್ರಿಲ್ 14, ಭಾನುವಾರ. ಸಂಜೆ 4

ಮೆಟ್ಟಿಲ ಮೇಲೆ ದೊಡ್ಡವರ ಹೆಜ್ಜೆ. ಮೂರು. ಹಿಂದೆ ಒಂದು ಪುಟ್ಟದು — ಡ್ರೈವರನ ಮಗಳು, ಗುಲಾಬಿ ಫ್ರಾಕ್. ಹೆಂಡತಿ ಕೆಳಗೆ ಯಾರೊಡನೆಯೋ ಮಾತಾಡುತ್ತಿದ್ದಾಳೆ.

ಫೋಟೋ ತೆಗೆಯಲು ಬಂದಿದ್ದಾರೆ. ಈ ರೂಮು ಖಾಲಿ ಇದೆ, ಬೆಳಕು ಚೆನ್ನಾಗಿದೆ ಎಂದುಕೊಳ್ಳುತ್ತಿದ್ದಾರೆ. ಮೇಜು ಎಳೆದರು. ನಾಲ್ಕು ಕುರ್ಚಿ. ನಾನು ಕೂತಿದ್ದೇನೆ, ತೊಡೆಯ ಮೇಲೆ ಈ ಡೈರಿ. ಗುಬ್ಬಿ ಬಂದು ತನ್ನ ಬ್ಯಾಗನ್ನು ನನ್ನ ತೊಡೆಯ ಮೇಲಿಟ್ಟಳು. ಭಾರ ಗೊತ್ತಾಗಲಿಲ್ಲ.

ಕುತ್ತಿಗೆಯ ಮೇಲೆ ಸುಟ್ಟ ಕಲೆ ಇದೆ. ಮೂವತ್ತಾರು ಸರಿಯಾಗಿ ಕೂತಿದೆ. ಚೆನ್ನಾಗಿ ಕಾಣುತ್ತಿದ್ದಾಳೆ ನನ್ನ ತಂಗಿ.

"ಈ ಜಾಕೆಟ್ ಹೊಲಿದಿದ್ದು ಯಾರು?" ಎಂದಳು ಈಗ.

"ನೀನೇ ತಂದಿದ್ದಲ್ವಾ?" ಕಾಂಪೌಂಡರ್.

ತೋಳಿನ ಅಂಚು ತಿರುಗಿಸಿ ನೋಡುತ್ತಿದ್ದಾಳೆ. "ನೋಡ್ರೋ, ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದಾರೆ. ಮಕ್ಕಳ ಬಟ್ಟೆಗೆ ಬಿಟ್ಟ ಹಾಗೆ..." ಆ ಬಟ್ಟೆಯನ್ನು ಉಜ್ಜುತ್ತಾ ನಿಂತಿದ್ದಾಳೆ. ಡ್ರೈವರ್ ಕರೆದರೂ ಬರುತ್ತಿಲ್ಲ. ಒಳಗಿನ ಬಾಗಿಲ ಕಡೆ ನೋಡುತ್ತಿದ್ದಾಳೆ.

"ಯಾರೋ ಬಟನ್ ತರೋಕೆ ಒಳಗೆ ಹೋದ್ರಲ್ವಾ? ಇನ್ನೂ ಬಂದೇ ಇಲ್ಲ. ತಡೀರಿ, ಅವ್ರೂ ಬರ್ಲಿ."

ಇಲ್ಲೇ ಇದ್ದೀನಿ ಕಣೇ ಗು