ಕೊಕ್ಕರೆ ಟೀಚರ್‌ನ ಸ್ವರ

ಮಣ್ಣಗುಡ್ಡ, ಮಂಗಳೂರು
ಆಗಸ್ಟ್ ೧೭, ೨೦೨೫

ದೀಪೇಶ್ ಅವರಿಗೆ ನಮಸ್ಕಾರ.

ಹೆದರಬೇಡಿ, ಇದು ವಕೀಲರ ಕಾಗದವಲ್ಲ, ನಾನೇ ಬರೆಯುತ್ತಿರುವುದು. ನನ್ನ ನಂಬರನ್ನು ನೀವು ಬ್ಲಾಕ್ ಮಾಡಿ ವರ್ಷಗಳಾದವು. ಹಾಗಾಗಿ ನಿಮ್ಮ ಸ್ನೇಹಿತ ಕಮರುದ್ದೀನ್ ರಜೆ ಮುಗಿಸಿ ಮಸ್ಕತ್ತಿಗೆ ಹೊರಡುವಾಗ ಅವರ ಕೈಯಲ್ಲಿ ಇದನ್ನು ಕೊಡಬೇಕೆಂದಿದ್ದೇನೆ. ಹಾಗೆಂದಾಗ ಅವರು, "ಎಂತ ಮಾರಾಯ್ತಿ, ಈ ಕಾಲದಲ್ಲಿಯೂ ಕಾಗದವಾ?" ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ, "ಆಯ್ತು, ಕೊಡಿ, ಮುಟ್ಟಿಸ್ತೇನೆ" ಎಂದರು.

ಅವರು ಸಿಕ್ಕಿದ್ದು ಹಂಪನಕಟ್ಟೆಯಲ್ಲಿ, ನಾನು ಬಸ್ಸು ಕಾಯುತ್ತಿದ್ದಾಗ. ನೀವು ಹೇಳಿ ಕಳಿಸಿದ್ದನ್ನು ಅಲ್ಲಿಯೇ ಹೇಳಿದರು. ಮಗಳು ನಿರೀಕ್ಷಾ ಕನ್ನಡ ಕಲಿಯುವ ಆ್ಯಪಿನಲ್ಲಿ ಪಾಠ ಹೇಳುವ ಸ್ವರ ನನ್ನದೆಂದು ನಿಮಗೆ ಗುರುತು ಸಿಕ್ಕಿತಂತೆ. ಮಗಳನ್ನು ತನ್ನ ಕಡೆ ಎಳೆದುಕೊಳ್ಳಲು ಪ್ರಣೀತಾ ಮಾಡಿದ ಉಪಾಯವಿದು, ಆ್ಯಪನ್ನೇ ತೆಗೆದುಹಾಕುತ್ತೇನೆ ಎಂದಿರಂತೆ.

ಉಪಾಯ! ಅಷ್ಟು ಚುರುಕಿದ್ದಿದ್ದರೆ ನಾನು ಹಸುಗೂಸನ್ನು ನಿಮ್ಮ ಮನೆಯಲ್ಲಿ ಬಿಟ್ಟು ಆಸ್ಪತ್ರೆಯ ಗೋಡೆ ನೋಡುತ್ತಾ ಮಲಗುತ್ತಿದ್ದೆನೇ? ಹೆತ್ತ ಮೇಲೆ ಕೆಲವರಿಗೆ ಹೀಗೆ ಮನಸ್ಸು ಕೆಡುತ್ತದೆ, ಔಷಧಿಯಲ್ಲಿ ಗುಣವಾಗುತ್ತದೆ ಎಂದು ಡಾಕ್ಟರು ಎಷ್ಟು ಹೇಳಿದರೂ ನಿಮ್ಮ ಅಮ್ಮನದು ಒಂದೇ ಮಾತು: "ಮರ್ಲ್ ಹಿಡಿದವಳ ಕೈಯಲ್ಲಿ ಮಗು ಕೊಡ್ಲಿಕ್ಕುಂಟಾ?" ನಾನು ಗುಣವಾಗಿ ಬಂದೆ. ಅಷ್ಟರಲ್ಲಿ ನೀವು ಮಗಳ ಜೊತೆ ಮಸ್ಕತ್ತಿನಲ್ಲಿದ್ದಿರಿ, ಕೋರ್ಟೂ ನಿಮ್ಮ ಪರವಾಯಿತು. ನಾನೊಬ್ಬಳು ಇದ್ದೇನೆಂದೇ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ನಾನು ಸ್ವರ ಕೊಟ್ಟದ್ದು ಹೊಟ್ಟೆಪಾಡಿಗೆ. ಪರದೆಯ ಮೇಲೆ ಕನ್ನಡಕ ಹಾಕಿದ ಒಂದು ಕೊಕ್ಕರೆ ಟೀಚರ್, ಅದರ ಬಾಯಲ್ಲಿ ನಾನು. 'ಮಗೂ, ಈ ಚಿತ್ರ ನೋಡು' ಎನ್ನುವಾಗ ನನ್ನ 'ಮಗೂ' ಯಾವಾಗಲೂ ಉದ್ದವಾಗುತ್ತಿತ್ತು. ರೆಕಾರ್ಡಿಂಗ್ ಮಾಡುವ ವಿನಿಫ್ರೆಡ್ ತಲೆ ಚಚ್ಚಿಕೊಂಡು, "ಅಷ್ಟು ಎಳೀಬೇಡಿ ಮೇಡಂ, ಅದು ಕೊಕ್ಕರೆ, ತಾಯಿ ಅಲ್ಲ" ಎನ್ನುತ್ತಿದ್ದಳು. ಎಲ್ಲೆಲ್ಲಿಯದೋ ಮಕ್ಕಳು ಅದನ್ನು ಕೇಳುತ್ತಾರೆ. ಅವರಲ್ಲಿ ನಿರೀಕ್ಷಾ ಒಬ್ಬಳೆಂದು ನನಗೆ ಹೇಗೆ ಗೊತ್ತಾಗಬೇಕು?

ಮೇಲಿನ ಸಾಲು ಸುಳ್ಳು. ಹೊಡೆದು ಹಾಕುವುದಿಲ್ಲ, ಇರಲಿ. ನನಗೆ ಗೊತ್ತಿತ್ತು.

ಮಕ್ಕಳು ಬಾಯಲ್ಲಿ ಹೇಳುವ ಉತ್ತರ ಯಂತ್ರಕ್ಕೆ ಅರ್ಥವಾಗದಿದ್ದರೆ ಅದು ನಮ್ಮ ಕಿವಿಗೆ ಬರುತ್ತದೆ, ಹೆಸರು ವಿಳಾಸ ಏನೂ ಇಲ್ಲದೆ. ಕೇಳಿ ಸರಿಯೋ ತಪ್ಪೋ ಒತ್ತುವುದೂ ನನ್ನ ಕೆಲಸವೇ. ಜೂನ್‌ನಲ್ಲಿ ಒಂದು ಉತ್ತರ ಬಂತು. ತಟ್ಟೆಯಲ್ಲಿ ಏನಿದೆ ಎಂಬ ಪ್ರಶ್ನೆಗೆ ಒಂದು ಹುಡುಗಿ, "ತಟ್ಟೆಯಲ್ಲಿ ಮೀನು ಉಂಟು" ಎಂದಿದ್ದಳು. ಯಂತ್ರಕ್ಕೆ 'ಇದೆ' ಮಾತ್ರ ಗೊತ್ತು, ನಮ್ಮ 'ಉಂಟು' ಗೊತ್ತಿಲ್ಲ. ನಮ್ಮೂರಿನ ಮಗು ಎಂದು ನಗು ಬಂತು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹೆಂಗಸು ನಿರೀಕ್ಷಾ ಎಂದು ಹೆಸರು ಹಿಡಿದು ಊಟಕ್ಕೆ ಕರೆದಳು. ನಿಮ್ಮ ಈಗಿನ ಹೆಂಡತಿ ಮನ್ವಿತಾ ಇರಬೇಕು. "ಬರ್ತಾಳೆ, ಬರ್ತಾಳೆ" ಎಂದು ನೀವು ಹೇಳಿದಿರಿ. ನಿಮ್ಮ ಸ್ವರದ ಗುರುತು ನನಗೂ ಸಿಗುತ್ತದಲ್ಲ.

ಮಗಳು ಅಳುವುದನ್ನು ಮಾತ್ರ ನಾನು ಕೇಳಿದ್ದೆ. ಮಾತಾಡುವುದನ್ನು ಅವತ್ತು ಮೊದಲ ಸಲ ಕೇಳಿದೆ. ಸಂಕಟ ತಡೆಯಲಾಗದೆ ಹೆಡ್‌ಫೋನ್ ಹಾಕಿಕೊಂಡೇ ಅತ್ತುಬಿಟ್ಟೆ. ವಿನಿಫ್ರೆಡ್ ನೀರು ತಂದುಕೊಟ್ಟಳು. ಅಂದಿನಿಂದ ದಿನವೂ ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತೇನೆ. ಹೆಚ್ಚಿನ ದಿನ ಬಂದ ಉತ್ತರಗಳಲ್ಲಿ ಅವಳದು ಇರುವುದಿಲ್ಲ.

ದೀಪೇಶ್, ಮಗಳನ್ನು ಕೊಡಿ ಎಂದು ನಾನು ಕೇಳುತ್ತಿಲ್ಲ. ನಾನು ಯಾರೆಂದು ಅವಳಿಗೆ ಹೇಳಿ ಎಂದೂ ಕೇಳುತ್ತಿಲ್ಲ. ಆ್ಯಪ್ ತೆಗೆಯಬೇಡಿ, ಅಷ್ಟೆ. ಕೊಕ್ಕರೆಯಾಗಿಯೇ ಇರಲು ನನಗೆ ಒಪ್ಪಿಗೆ ಉಂಟು. ಅವಳಿಗೆ ಇನ್ನೂ ಒತ್ತಕ್ಷರ ಸರಿಯಾಗಿ ಬರುವುದಿಲ್ಲ, ನಾನು ಕಲಿಸುತ್ತೇನೆ.

ಮನೆಯಲ್ಲಿ ಎಲ್ಲರಿಗೂ ಒಳ್ಳೆಯದಾಗಲಿ.

ಇಂತಿ,
ಪ್ರಣೀತಾ

ಬರೆಯಬಾರದೆಂದಿದ್ದೆ, ಆದರೆ ನಿಮ್ಮ ಭಯ ಹೋಗಲೆಂದು ಬರೆಯುತ್ತೇನೆ. ಕಳೆದ ವಾರ ಅವಳಿಗೆ 'ನನ್ನ ಮನೆ' ಪಾಠ ಬಂತು. ಅಮ್ಮನ ಹೆಸರೇನು ಎಂದು ಅದರಲ್ಲಿ ನಾನೇ ಕೇಳುತ್ತೇನೆ. "ನನ್ನ ಅಮ್ಮನ ಹೆಸರು ಮನ್ವಿತಾ" ಎಂದು ಅವಳು ಸ್ಪಷ್ಟವಾಗಿಯೇ ಹೇಳಿದಳು. ಹೊಸ ಹೆಸರು ಯಂತ್ರಕ್ಕೆ ತಿಳಿಯದೆ ಉತ್ತರ ನನಗೆ ಬಂತು. ಇನ್ನೊಮ್ಮೆ ಹಾಕಿ ಕೇಳಿದೆ. ಆಮೇಲೆ 'ಸರಿ' ಒತ್ತಿದೆ. ಸರಿ ಒತ್ತಿದ ಮೇಲೆ ಮಗುವಿಗೆ ಕೇಳಿಸುವುದು ನನ್ನದೇ ಸ್ವರ: 'ಶಾಬಾಶ್, ಸರಿಯಾಗಿ ಹೇಳಿದೆ.'