ಬಿಲ್ಲೆ ಒತ್ತುವ ಕೈ

ನ್ಯಾಮತಿ
20-1-1944, ಗುರುವಾರ

ಜಗಳೂರಲ್ಲಿ ತಂಗಿಯ ಮನೆ ಸೇರಿರುವ ನಮ್ಮವರಿಗೆ ಜೈನಾಬ್‌ಳ ಸಲಾಮು.

ಈ ಕಾಗದವನ್ನು ರೋಶನಬಿ ನಿಮಗೆ ಓದಿ ಹೇಳುತ್ತಾಳೆ. ಓದುವಾಗ ಎದ್ದು ಹೋಗಬೇಡಿ. ಹೋದ ಸಲದ ಕಾಗದ ಅರ್ಧಕ್ಕೆ ಬರುವಷ್ಟರಲ್ಲಿ ನೀವು ಕೋಲು ಹಿಡಿದು ಅಂಗಳಕ್ಕೆ ಹೋಗಿಬಿಟ್ಟಿರಂತೆ. ಇದರಲ್ಲಿ ಅಳು ಇಲ್ಲ, ಕೆಲಸದ ಮಾತಿದೆ. ಕೆಲಸದ ಮಾತಾದರೆ ನೀವು ಕೂತು ಕೇಳುತ್ತೀರಿ ಎಂದು ನನಗೆ ಗೊತ್ತು.

ನಾನು ಬಂದೂಕಿನ ತೋಟಾ ತುಂಬುವುದನ್ನು ಕಲಿತಿದ್ದೇನೆ.

ನೀವು ಬೈಯುವುದು ನನಗೆ ಇಲ್ಲಿಗೇ ಕೇಳುತ್ತದೆ. ಮದ್ದಿಗೆ ಕಿಡಿ ಕೊಡುವ ಕೇಪು ಸಿಡಿದು ಎರಡೂ ಕಣ್ಣು ಹೋದ ಮೇಲೆ ನೀವು ಆ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಬಾವಿಗೆ ಎಸೆದಿರಿ. ಬೀಗ ಒಡೆಸಿದೆ. ತಪ್ಪೆಂದರೆ ತಪ್ಪು. ಆದರೆ ಯಾಕೆ ಒಡೆಸಿದೆ ಎನ್ನುವುದನ್ನು ಕೇಳಿ.

ಈ ಯುದ್ಧ ಶುರುವಾದಾಗಿನಿಂದ ಹೊಸ ತೋಟಾ ಎಲ್ಲೂ ಸಿಗುವುದಿಲ್ಲ, ನಿಮಗೆ ಗೊತ್ತಿರುವುದೇ. ನೀವು ಹೋದ ಮೇಲೂ ಜನ ಹಾರಿಸಿದ ಖಾಲಿ ತೋಟಾಗಳನ್ನು ತುಂಬಿಸಿಕೊಳ್ಳಲು ಬರುತ್ತಿದ್ದರು. ಬಾಗಿಲಲ್ಲೇ ಇಲ್ಲವೆಂದು ಹೇಳಿ ಕಳಿಸುತ್ತಿದ್ದೆ. ಸಾಸ್ವೆಹಳ್ಳಿಯ ಉಚ್ಚಂಗೆಪ್ಪನೂ ಬಂದು ಹಾಗೇ ಹೋದ. ಶೇಂಗಾ ಕೀಳುವ ಹೊತ್ತಿನಲ್ಲಿ ಅವನ ಹೆಂಡತಿ ಓಬವ್ವನನ್ನು ಹಂದಿ ತೊಡೆಗೆ ತಿವಿಯಿತು. ಅವನ ಕೈಲಿ ಬಂದೂಕಿತ್ತು, ಒಳಗೆ ತೋಟಾ ಇರಲಿಲ್ಲ. ಬಂದೂಕನ್ನು ದೊಣ್ಣೆಯ ಹಾಗೆ ಹಿಡಿದು ಹಂದಿಯನ್ನು ಅಟ್ಟಿದನಂತೆ. ಓಬವ್ವ ಉಳಿದಳು, ಆದರೆ ಕಾಲು ಎಳೆದುಕೊಂಡೇ ನಡೆಯುತ್ತಾಳೆ. ಅವನು ಮತ್ತೆ ಬಂದ. ಟವೆಲಿನಲ್ಲಿ ಖಾಲಿ ತೋಟಾ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತ. ಬೈಯಲಿಲ್ಲ. "ತಂಗೀ, ಇಷ್ಟು ವರ್ಷ ಅವರ ಪಕ್ಕದಾಗೆ ಕುಂತು ನೋಡೀಯಲ್ಲ, ನಿನಗೂ ಬರಾಕಿಲ್ಲೇನು?" ಎಂದು ಮಾತ್ರ ಕೇಳಿದ.

ಕೋಣೆ ತೆಗೆದಾಗ ಮೇಜು ನೀವು ಬಿಟ್ಟ ಹಾಗೇ ಇತ್ತು. ನಿಮ್ಮ ಬನಿಯನ್ ಗೂಟದಲ್ಲೇ ಇತ್ತು. ಆ ದಿನ ಬರೀ ಗುಡಿಸಿ ಬಂದೆ, ಮತ್ತೇನೂ ಮಾಡಲಾಗಲಿಲ್ಲ.

ಮೊದಮೊದಲು ಮದ್ದನ್ನು ಮುಟ್ಟಲೇ ಇಲ್ಲ. ಮದ್ದಿನ ಬದಲು ಬೂದಿ, ಸೀಸದ ಚರೆಯ ಬದಲು ರಾಗಿ ಇಟ್ಟುಕೊಂಡು ಕೈ ಪಳಗಿಸಿಕೊಂಡೆ. ಖಾಲಿ ತೋಟಾದೊಳಗೆ ಬೂದಿ, ಅದರ ಮೇಲೆ ಕಂಬಳಿ ಬಿಲ್ಲೆ, ಅದರ ಮೇಲೆ ರಾಗಿ, ಮತ್ತೆ ರಟ್ಟಿನ ಬಿಲ್ಲೆ, ಕೊನೆಗೆ ಬಾಯಿ ಮಡಚುವುದು. ನೀವು ಮಾಡುವಾಗ ಎಲೆ ಅಡಿಕೆ ಹಾಕಿಕೊಂಡಷ್ಟು ಸಲೀಸಾಗಿ ಕಾಣುತ್ತಿತ್ತು. ನಾನು ಹಾಕಿದರೆ ರಾಗಿಯೆಲ್ಲ ನೆಲಕ್ಕೆ. ಕೋಳಿಗಳು ನಾನು ಕೂರುವ ಹೊತ್ತು ಕಲಿತುಕೊಂಡು ಹೊಸ್ತಿಲ ಹತ್ತಿರ ಕಾಯುತ್ತಿದ್ದವು. ಕಂಬಳಿಯನ್ನು ಸಂತೇಬೆನ್ನೂರಿನ ಸಂತೆಯಿಂದ ತರಿಸಿದೆ. ಹೊಸದರಲ್ಲಿ ಬಿಲ್ಲೆ ಸರಿ ಬರುವುದಿಲ್ಲ, ಹಳೆಯದೇ ಬೇಕು ಎನ್ನುವುದು ಅದನ್ನು ಹಾಳು ಮಾಡಿದ ಮೇಲೆ ತಿಳಿಯಿತು. ಆಮೇಲೆ ನಮ್ಮ ಹೊದಿಕೆಯನ್ನೇ ಕತ್ತರಿಸಿದೆ. ಒಬ್ಬಳಿಗೆ ಅಷ್ಟು ದೊಡ್ಡದು ಯಾಕೆ.

ನಿಜವಾದ ಮದ್ದು ಮುಟ್ಟುವ ದಿನ ಒಲೆ ಹಚ್ಚಲಿಲ್ಲ. ಬಳೆ ತೆಗೆದಿಟ್ಟೆ, ಮೇಜಿಗೆ ತಗುಲಿ ಕೈ ಅಲುಗಬಾರದೆಂದು. ಪಕ್ಕದ ಮನೆ ಸಾವಂತ್ರಮ್ಮ ರೊಟ್ಟಿ ಕೊಡಲು ಬಂದವಳು ನನ್ನ ಬರಿಗೈ ನೋಡಿದಳು, ತಣ್ಣಗಿದ್ದ ಒಲೆ ನೋಡಿದಳು, ರೊಟ್ಟಿ ಬಿಟ್ಟು ಎದೆ ಬಡಿದುಕೊಂಡು ಅತ್ತಳು. ಜಗಳೂರಿಂದ ಯಾವಾಗ ಸುದ್ದಿ ಬಂತು ಎಂದು ಕೇಳಿದಳು. ಮೊದಲು ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳಿಗೆ ಏನೂ ಆಗಿಲ್ಲವೆಂದು ಹೇಳಬೇಕಿತ್ತು. ಹೇಳದೆ ನಾನೂ ಅವಳ ಹೆಗಲ ಮೇಲೆ ಬಿದ್ದು ಅತ್ತೆ. ಅಳಲು ಅಷ್ಟು ದಿನ ಒಂದು ನೆಪ ಸಿಕ್ಕಿರಲಿಲ್ಲ.

ಅಳು ಇಲ್ಲವೆಂದು ಬರೆದು ಅಳುವನ್ನೇ ಬರೆದೆ. ಎದ್ದು ಹೋಗಬೇಡಿ.

ಮೊದಲ ತೋಟಾವನ್ನು ಉಚ್ಚಂಗೆಪ್ಪ ಹೊಳೆ ದಂಡೆಯಲ್ಲಿ ಗಡಿಗೆ ಇಟ್ಟು ಹಾರಿಸಿದ. ಠುಸ್ಸೆಂದಿತು. ಚರೆಯೆಲ್ಲ ಅವನ ಕಾಲ ಮುಂದೆಯೇ ಉದುರಿತು. ಅವನು ನಗಲಿಲ್ಲ. ಮನೆಗೆ ಬಂದು ಎಲ್ಲಿ ತಪ್ಪಿತೆಂದು ಯೋಚಿಸಿದೆ. "ಬಿಲ್ಲೆ ಸಡಿಲಾದರೆ ಮದ್ದು ಉಸಿರು ಬಿಡ್ತೈತೆ" ಎಂದು ನೀವು ಯಾರಿಗೋ ಹೇಳುತ್ತಿದ್ದದ್ದು ನೆನಪಾಯಿತು. ಮತ್ತೆ ತುಂಬಿದೆ. ಗಡಿಗೆ ಒಡೆಯಿತು. ಆ ಸದ್ದಿಗೆ ನಾನು ಮರಳಿನ ಮೇಲೆ ಕೂತುಬಿಟ್ಟೆ. ನಿಮ್ಮ ಮುಖ ಕಣ್ಣ ಮುಂದೆ ಬಂತು. ಅವತ್ತಿನ ಮುಖವಲ್ಲ, ಅದಕ್ಕೂ ಮುಂಚಿನದು.

ಬಕ್ರೀದ್ ಆದ ಮೇಲೆ ಜಗಳೂರಿಗೆ ಬಂದಿದ್ದೆ. ಇದನ್ನೂ ಬಿಡದೆ ಓದು, ರೋಶನಬಿ. ಇದ್ದಿಲಿನಿಂದ ಓಡುವ ಬಸ್ಸು ಹೊನ್ನಾಳಿ ಏರಿನಲ್ಲಿ ನಿಂತು, ಎಲ್ಲರೂ ಇಳಿದು ತಳ್ಳಿ, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ನಿಮ್ಮ ಬಾಗಿಲಿಗೆ ಬಂದೆ. ಅಣ್ಣ ದರ್ಗಾಕ್ಕೆ ಹೋಗಿದಾನೆ ಎಂದು ರೋಶನಬಿ ಹೇಳಿದಳು. ಹೇಳುವಾಗ ನೆಲ ನೋಡುತ್ತಿದ್ದಳು. ಗೋಡೆಯ ಆಚೆ ನೀವು ಕೆಮ್ಮಿದಿರಿ. ಆ ಕೆಮ್ಮಿನ ಜೊತೆ ಇಷ್ಟು ವರ್ಷ ಬಾಳಿದವಳು ನಾನು. ಆದರೂ ಆಗಲಿ ಎಂದು ನೀರು ಕುಡಿದು ಎದ್ದೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಮೇಲೂ ಇರಲಿಲ್ಲ, ಬಸ್ಸು ಹತ್ತುವ ತನಕ.

ಮನೆ ಬಿಡುವ ದಿನ ನೀವು ಅಂದದ್ದು ಇನ್ನೂ ಕಿವಿಯಲ್ಲಿದೆ. "ಕೆಲಸ ಮಾಡೋ ಕೈ ನೋಡಿ ನಿಮ್ಮಪ್ಪ ಹೆಣ್ಣು ಕೊಟ್ಟ. ಕೆಲಸ ಇಲ್ಲದ ಮನುಷ್ಯ ನಿನ್ನ ಮನೆಯಾಗೆ ಯಾರು?" ಗಂಡ ಎಂದರೆ ಸಾಕಾಗುವುದಿಲ್ಲ ಎನ್ನುವುದು ನಿಮ್ಮ ಮುಖದಲ್ಲೇ ಇತ್ತು.

ಈಗ ಕೆಲಸದ ಮಾತಿಗೆ ಬರುತ್ತೇನೆ. ಮೇಜು ದಿನಾ ನಡೆಯುತ್ತಿದೆ. ಚನ್ನಗಿರಿ ಕಡೆಯಿಂದಲೂ ಜನ ಬರುತ್ತಾರೆ. ಆದರೆ ನನಗೆ ಒಂದು ಕೈ ಸಾಲದು. ಬಿಲ್ಲೆ ಒತ್ತುವುದು ಹದಕ್ಕೆ ಬರುತ್ತಿಲ್ಲ. ಒಂದು ಗಟ್ಟಿ ಹೊಡೆಯುತ್ತದೆ, ಮತ್ತೊಂದು ಸೋಲುತ್ತದೆ. ನೀವು ಒತ್ತುವಾಗ ತೋಟಾವನ್ನು ನೋಡುತ್ತಲೇ ಇರಲಿಲ್ಲ, ಕಿಟಕಿಯ ಹೊರಗೆ ಕಣ್ಣಿಟ್ಟು ನನ್ನ ಜೊತೆ ಮಾತಾಡುತ್ತ ಒತ್ತುತ್ತಿದ್ದಿರಿ. ಆ ಹದ ನಿಮ್ಮ ಕೈಯಲ್ಲಿತ್ತು, ಕಣ್ಣಲ್ಲಿರಲಿಲ್ಲ. ಕೈ ಇನ್ನೂ ನಿಮ್ಮ ಹತ್ತಿರವೇ ಇದೆ. ಮದ್ದು, ಕೇಪು ನಾನು ನೋಡಿಕೊಳ್ಳುತ್ತೇನೆ, ನೀವು ಅವನ್ನು ಮುಟ್ಟುವುದು ಬೇಡ. ಪಕ್ಕದಲ್ಲಿ ಕೂತು ಒತ್ತಿಕೊಟ್ಟರೆ ಸಾಕು.

ರೋಶನಬಿ ನಿಮ್ಮನ್ನು ಜಗಳೂರಲ್ಲಿ ಬಸ್ಸಿಗೆ ಕೂರಿಸಲಿ. ಉಚ್ಚಂಗೆಪ್ಪ ದಾವಣಗೆರೆಗೆ ಬಂದು ಕರೆದುಕೊಂಡು ಬರುತ್ತಾನೆ, ಮಾತಾಡಿದ್ದೇನೆ. ನನಗಾಗಿ ಬನ್ನಿ ಎಂದು ಕರೆಯುತ್ತಿಲ್ಲ. ಕೆಲಸಕ್ಕೆ ಕೈ ಸಾಲದು, ಅದಕ್ಕೆ ಬನ್ನಿ.

ನಿಮ್ಮ ಮನೆಯನ್ನು ಕಾಯುತ್ತಿರುವ
ಜೈನಾಬ್

ತಾ.ಕ.: ರೋಶನ್, ಇಲ್ಲಿಂದ ಮುಂದಿನದು ನಿನಗೆ ಮಾತ್ರ, ಜೋರಾಗಿ ಓದಬೇಡ. ಮೇಜು ನಡೆಯುತ್ತಿಲ್ಲ. ಮೊಹರಂ ಮುಗಿಯುತ್ತಲೇ ಲೈಸೆನ್ಸ್ ನೋಡುವವರು ಬಂದಿದ್ದರು. ಲೈಸೆನ್ಸ್ ಇರುವವರು ಊರಲ್ಲಿಲ್ಲದ ಮೇಲೆ ಮನೆಯಲ್ಲಿ ಮದ್ದು ಇರಬಾರದು, ಕಾಯ್ದೆ ಹಾಗಿದೆಯಮ್ಮ ಎಂದು ಮರ್ಯಾದೆಯಿಂದಲೇ ಹೇಳಿ ಮದ್ದು, ಸೀಸ, ಸಾಮಾನು ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಹೋದರು. ಇನ್ನು ಅದು ತಿರುಗಿ ಬರುವುದಿಲ್ಲ. ಬಿಲ್ಲೆ ಒತ್ತಲು ಬರುವುದಿಲ್ಲ ಎಂದು ಬರೆದದ್ದೂ ಸುಳ್ಳು. ನನಗೆ ಚೆನ್ನಾಗಿ ಬರುತ್ತಿತ್ತು, ಕೊನೆಕೊನೆಗೆ ನನ್ನದು ಒಂದೂ ಸೋಲಲಿಲ್ಲ. ಏನು ಮಾಡಲಿ, ನನ್ನ ಸಲುವಾಗಿ ಅವರು ಬರುವುದಿಲ್ಲ. ಕೆಲಸದ ಸಲುವಾಗಿ ಬಂದಾರು. ಒಳಗೆ ಬಂದು ಮೇಜಿನ ಮೇಲೆ ಕೈಯಾಡಿಸಿದ ಕೂಡಲೇ ಅವರಿಗೆ ಗೊತ್ತಾಗುತ್ತದೆ. ಬೈಯುತ್ತಾರೆ, ಈಗಲೇ ಹೋಗುತ್ತೇನೆ ಎನ್ನುತ್ತಾರೆ. ಅದಕ್ಕೇ ಹೇಳುತ್ತೇನೆ, ಅವರನ್ನು ಬೆಳಗಿನ ಬಸ್ಸಿಗೆ ಕೂರಿಸಬೇಡ, ಮಧ್ಯಾಹ್ನದ್ದಕ್ಕೆ ಕೂರಿಸು. ಅದರಲ್ಲಿ ಬಂದರೆ ಇಲ್ಲಿಂದ ಅವತ್ತು ತಿರುಗಿ ಹೋಗಲು ಬಸ್ಸು ಇರುವುದಿಲ್ಲ.