ಲೇಡಿ ಡಾಕ್ಟರು ಬರುವ ಬುಧವಾರ

೨-೭-೧೯೫೬, ಸೋಮವಾರ

ಜಿಟಿಜಿಟಿ ಮಳೆ. ಸ್ಕೂಲಿಗೆ ಬಂದ ಮಕ್ಕಳು ಮೂವತ್ತೊಂದು. ಹೆಂಡತಿ ಶಿವರುದ್ರಮ್ಮ ನಾನು ಏಳುವ ಮೊದಲೇ ಸೀರೆ ಒಗೆಯುತ್ತಿದ್ದಳು. ರಕ್ತ. ಎರಡು ತಿಂಗಳಿಂದ ಹೀಗೇ... ಬಯಲಿಗೆ ಹೋದಾಗೆಲ್ಲ. ನೋವಿಲ್ಲವಂತೆ. ಮೂಲವ್ಯಾಧಿ ಇರಬೇಕು. ಸುವರ್ಣಗೆಡ್ಡೆ ಆಯಿತು, ಮಜ್ಜಿಗೆ ಆಯಿತು. ಹುಣಸೂರಿನ ಆಸ್ಪತ್ರೆಗೆ ಹೋಗೋಣ ಎಂದೆ.

"ಗಂಡಸು ಡಾಕ್ಟ್ರ ಮುಂದೆ ಮಲಗ್ಲಾ? ಸತ್ರೂ ಬರಾಕಿಲ್ಲ, ಬುಡಿ."

ಮುಖ ಸುಣ್ಣದ ಹಾಗಿದೆ. ನನಗೆ ಭಯವಾಗಬೇಕಿತ್ತು. ಏನೂ ಆಗಲಿಲ್ಲ. ಉಂಡೆ, ಮಲಗಿದೆ.

೭-೭-೫೬, ಶನಿವಾರ

ಆಸ್ಪತ್ರೆಗೆ ಒಬ್ಬನೇ ಹೋದೆ. ಅವಳ ಕಾಯಿಲೆಯನ್ನು ನನ್ನದೆಂದು ಹೇಳಿದೆ. ಚೀಟಿ ಬರೆದುಕೊಡುತ್ತಾರೆ, ಔಷಧಿ ತಂದುಬಿಡೋಣ ಅಂತ. ಎಂಥ ಪೆದ್ದ.

"ಪಂಚೆ ಸಡಿಲಿಸಿ. ಎಡಮಗ್ಗುಲಾಗಿ ಮಲಗಿ" ಎಂದರು ಡಾಕ್ಟರು.

ಕೊಳವೆ. ತಣ್ಣಗೆ. ಟಾರ್ಚ್ ಹಿಡಿದವನು ಕಾಂಪೌಂಡರ್ ಲಿಂಗಣ್ಣ — ನಾನೇ ಮಗ್ಗಿ ಕಲಿಸಿದವನು. "ಉಸ್ರು ಬುಡಿ, ಮೇಷ್ಟ್ರೇ" ಎಂದ. ಬಿಟ್ಟೆ.

ಡಾಕ್ಟರು ಕೈ ತೊಳೆದುಕೊಂಡರು. "ನಿಮಗೇನೂ ಇಲ್ವಲ್ಲ. ರಕ್ತ ಯಾರದು?"

ಹೇಳಿದೆ. ಅವರು ನಗಲಿಲ್ಲ. ಒಳಗಿನ ಮೂಲದ ಮೊಳಕೆ ಸಣ್ಣದಿದ್ದರೆ ಸೊಪ್ಪು, ನೀರು, ಪಥ್ಯ ಸಾಕಂತೆ. ಇಲ್ಲದಿದ್ದರೆ ಬಾದಾಮಿ ಎಣ್ಣೆಯಲ್ಲಿ ಕಲಸಿದ ಔಷಧಿಯ ಇಂಜೆಕ್ಷನ್. ಅಡ್ಮಿಟ್ ಆಗಬೇಕಿಲ್ಲ, ಅವತ್ತಿನ ಬಸ್ಸಿಗೇ ವಾಪಸ್. ತೀರಾ ದೊಡ್ಡದಾಗಿದ್ದರೆ ಮಾತ್ರ ಮೈಸೂರು, ಆಪರೇಷನ್.

"ನಿಮ್ಮನ್ನ ನೋಡಿ ಅವರಿಗೆ ಹೇಗೆ ಕೊಡ್ಲಿ? ಹದಿನೆಂಟಕ್ಕೆ, ಬುಧವಾರ, ಲೇಡಿ ಡಾಕ್ಟರು ಬರ್ತಾರೆ. ಕರ್ಕೊಂಡು ಬನ್ನಿ. ತಡ ಮಾಡಬೇಡಿ."

ಮನೆಗೆ ಬಂದು, ಡಾಕ್ಟರು ಇರಲಿಲ್ಲ ಎಂದೆ. ನಾಚಿಕೆ.

೧೫-೭-೫೬, ಭಾನುವಾರ

ಎಂಟು ದಿನ ಬರೆದಿಲ್ಲ. ಬರೆಯುವಂಥದ್ದೇನೂ ಮಾಡಿಲ್ಲ.

ಬೆಳಿಗ್ಗೆ ಬಿಂದಿಗೆ ಹೊತ್ತು ಬರುವಾಗ ಕುಸಿದಳು. ಕೈ ಹಿಡಿದೆ, ತಣ್ಣಗಿತ್ತು. ಆಗ ಎಲ್ಲ ಹೇಳಿದೆ.

ಎದ್ದು ಗೋಡೆಗೆ ಒರಗಿ ಕೂತಳು. ಆಮೇಲೆ —

"ನಿಮ್ಮನ್ನೂ ಅಂಗೇ ಮಲಗ್ಸಿದ್ರಾ?"

"ಹೂಂ."

"ಲಿಂಗಣ್ಣನೂ ಇದ್ನಾ?"

"ಟಾರ್ಚ್ ಹಿಡಿದಿದ್ದ."

ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ನಕ್ಕು ಎಷ್ಟು ಕಾಲವಾಗಿತ್ತು... "ಬುಧವಾರ ಬತ್ತೀನಿ ಬುಡಿ" ಎಂದಳು.

೧೮-೭-೫೬, ಬುಧವಾರ, ಹನ್ನೊಂದೂವರೆ

ಆಸ್ಪತ್ರೆಯ ಬೆಂಚಿನ ಮೇಲೆ. ಅವಳು ಒಳಗೆ, ನಾನು ಹೊರಗೆ.

ಲೇಡಿ ಡಾಕ್ಟರು ಈಗಷ್ಟೇ ಬಾಗಿಲಿಗೆ ಬಂದಿದ್ದರು. ಮೂಲವ್ಯಾಧಿಯೇ. ಆಪರೇಷನ್ ಬೇಡ, ಇಂಜೆಕ್ಷನ್ ಇವತ್ತೇ ಕೊಡುತ್ತಾರಂತೆ. ಮೂರು ವಾರ ಬಿಟ್ಟು ಇನ್ನೊಮ್ಮೆ ನೋಡಬೇಕು. ಮೈಯಲ್ಲಿ ರಕ್ತ ತುಂಬಾ ಕಡಿಮೆಯಾಗಿದೆ, ಕಬ್ಬಿಣದ ಟಾನಿಕ್ ತಪ್ಪಿಸಬಾರದು.

"ಎಷ್ಟು ದಿನದಿಂದ ಹೋಗ್ತಿದೆ?" ಎಂದು ಕೇಳಿದರು.

"ಎರಡು ತಿಂಗಳಿಂದ" ಎಂದೆ.

ಪರದೆಯ ಹಿಂದಿನಿಂದ ಇವಳ ದನಿ. "ಅವ್ರಿಗೆ ಗೊತ್ತಿಲ್ಲ ಕಣ್ರವ್ವ. ಮೂರು ವರ್ಸ ಆಯ್ತು."

ಡಾಕ್ಟರು ನನ್ನನ್ನು ನೋಡಿದರು. ಬಾಗಿಲು ಹಾಕಿಕೊಂಡರು.

ಮೂರು ವರ್ಷ. ಒಂದೇ ಸೂರು. ದಿನಾ ಅವಳು ಬಡಿಸಿದ್ದನ್ನು ಉಂಡು, ಎದುರಿಗೇ ಕೂತು, ನಾನು —